ಕ್ಯೂ ಎಂಬ ಒಂದಕ್ಷರ



ಮಗಳನ್ನು ಅಮೆರಿಕಕ್ಕೆ ಕೊಟ್ಟಿರುವ ಅಕ್ಕಲಕೋಟೆ ಕಡೆಯ ತಾಯಿಯೊಬ್ಬರು ಒಂದು ಪ್ರಶ್ನೆ ಬರೆದು ಕಳಿಸಿದ್ದಾರೆ. ಮಗಳ ನೆರೆಮನೆಯಲ್ಲಿರುವ ವೃದ್ಧ ದಂಪತಿಗಳು ಪರಸ್ಪರ ಮಾತು ಬಿಟ್ಟು ವರ್ಷಗಳಾದವಂತೆ. ಕಾರಣ ಆಸ್ತಿಯಲ್ಲ, ಸೊಸೆಯಲ್ಲ, 'ಕ್ಯೂ' ಎಂಬ ಒಂದು ಅಕ್ಷರವಂತೆ. "ಇದೇನು ಹೊಸ ಮತವೋ, ರಾಜಕೀಯ ಪಕ್ಷವೋ?" ಎಂದು ಅವರು ಕೇಳಿದ್ದಾರೆ. ಎರಡೂ ಅಲ್ಲ. ಆದರೆ ಎರಡರ ಗುಣವೂ ಅದರಲ್ಲಿದೆ. ಪ್ರಶ್ನೆ ಒಂದು ಮನೆಯದಾದರೂ ಉತ್ತರ ಸ್ವಲ್ಪ ದೊಡ್ಡದು.

ಆ ಪಂಗಡದವರು ನಂಬುವುದು ಇಷ್ಟು: ಅಮೆರಿಕದ ಸರ್ಕಾರ, ಪತ್ರಿಕೆಗಳು, ಸಿನಿಮಾ ಲೋಕ ಎಲ್ಲವೂ ಒಂದು ಗುಪ್ತಕೂಟದ ಕೈಯಲ್ಲಿವೆ, ಆ ಕೂಟದವರು ಸೈತಾನನ ಆರಾಧಕರು, ಮಕ್ಕಳನ್ನು ಕದ್ದು ಹಿಂಸಿಸುವವರು, ಡೊನಾಲ್ಡ್ ಟ್ರಂಪ್ ಅವರೊಡನೆ ಗುಟ್ಟಾಗಿ ಯುದ್ಧ ಮಾಡುತ್ತಿದ್ದಾರೆ, ಒಂದು ದಿನ 'ಬಿರುಗಾಳಿ' ಎದ್ದು ಆ ದುಷ್ಟರೆಲ್ಲ ಒಟ್ಟಿಗೆ ಸೆರೆಯಾಗುತ್ತಾರೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ರಾಕ್ಷಸರ ಕಥೆಗೂ ಇದಕ್ಕೂ ಏನು ಅಂತರ ಎನಿಸಬಹುದು. ಅಂತರವಿದೆ. ಅಜ್ಜಿ ತನ್ನ ಕಥೆಯ ರಾಕ್ಷಸನಿಗೆ ಬದುಕಿರುವವರ ಹೆಸರನ್ನೂ ಮನೆ ವಿಳಾಸವನ್ನೂ ಕೊಡುತ್ತಿರಲಿಲ್ಲ.

ಮೂಲ 2016ರ ಚುನಾವಣೆಯಲ್ಲಿದೆ. ಆ ಅಕ್ಟೋಬರ್‌ನಲ್ಲಿ ಹಿಲರಿ ಕ್ಲಿಂಟನ್ ಅವರ ಪ್ರಚಾರ ಮುಖ್ಯಸ್ಥ ಜಾನ್ ಪೊಡೆಸ್ಟ ಅವರ ಖಾಸಗಿ ಇ-ಮೇಲ್‌ಗಳನ್ನು ವಿಕಿಲೀಕ್ಸ್ ಸಂಸ್ಥೆ ಹೊರಹಾಕಿತು. ಅವುಗಳಲ್ಲಿ ಊಟ-ತಿಂಡಿಯ ಮಾತೂ ಇತ್ತು. ಪಿಜ್ಜಾ, ಚೀಸ್ ಎಂದರೆ ಮಕ್ಕಳ ವ್ಯಾಪಾರದ ಗುಪ್ತಪದಗಳೆಂದು ಕೆಲವರು ಅರ್ಥ ಕಟ್ಟಿದರು. ವಾಷಿಂಗ್ಟನ್ನಿನ ಒಂದು ಪಿಜ್ಜಾ ಅಂಗಡಿಯ ನೆಲಮಾಳಿಗೆಯಲ್ಲಿ ಮಕ್ಕಳನ್ನು ಕೂಡಿಹಾಕಿದ್ದಾರೆಂದು ಸುದ್ದಿ ಹಬ್ಬಿತು. ಡಿಸೆಂಬರ್ 4ರಂದು ಉತ್ತರ ಕೆರೊಲಿನಾದ ಒಬ್ಬ ತರುಣ, ತಾನೂ ಹೆಣ್ಣುಮಕ್ಕಳ ತಂದೆ, ಬಂದೂಕು ಹಿಡಿದು ಆ ಅಂಗಡಿಗೆ ನುಗ್ಗಿದ. ಗುಂಡು ಹಾರಿಸಿ ಬಾಗಿಲು ತೆರೆದು ಹುಡುಕಿದ. ಮಕ್ಕಳಿರಲಿಲ್ಲ, ಆ ಕಟ್ಟಡಕ್ಕೆ ನೆಲಮಾಳಿಗೆಯೇ ಇರಲಿಲ್ಲ. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಅವನಿಗೆ 4 ವರ್ಷ ಸೆರೆಯಾಯಿತು. ತನಗೆ ಸಿಕ್ಕಿದ್ದ ಮಾಹಿತಿ ಪೂರ್ತಿ ಸರಿಯಿರಲಿಲ್ಲ ಎಂಬರ್ಥದ ಮಾತನ್ನು ಅವನೇ ಪತ್ರಿಕೆಯವರಿಗೆ ಹೇಳಿದ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

2017ರ ಅಕ್ಟೋಬರ್ 5ರಂದು ಸೇನಾಧಿಕಾರಿಗಳೊಡನೆ ಫೋಟೊ ತೆಗೆಸಿಕೊಳ್ಳುತ್ತ ಅಧ್ಯಕ್ಷ ಟ್ರಂಪ್, ಇದು ಬಿರುಗಾಳಿಗೆ ಮುಂಚಿನ ಶಾಂತಿಯಿರಬಹುದು ಎಂದು ನಗೆಯಾಡಿದರು. ಯಾವ ಬಿರುಗಾಳಿ ಎಂದರೆ ವಿವರಿಸಲಿಲ್ಲ. ಅದೇ ತಿಂಗಳ 28ರಂದು '4ಚಾನ್' ಎಂಬ ಇಂಟರ್‌ನೆಟ್ ತಾಣದಲ್ಲಿ, ಹೆಸರಿಲ್ಲದೆ ಯಾರು ಏನು ಬೇಕಾದರೂ ಗೀಚಬಹುದಾದ ಆ ಗೋಡೆಯ ಮೇಲೆ, ಒಂದು ಬರಹ ಕಾಣಿಸಿತು. ಹಿಲರಿ ಕ್ಲಿಂಟನ್ 30ನೇ ತಾರೀಖು ಬೆಳಿಗ್ಗೆ 7.45ರಿಂದ 8.30ರೊಳಗೆ ಬಂಧಿತರಾಗುವರು ಎಂಬ ಭವಿಷ್ಯ ಅಲ್ಲಿತ್ತು. ಬರೆದವನು 'ಕ್ಯೂ' ಎಂದು ಸಹಿ ಹಾಕತೊಡಗಿದ. ಅಮೆರಿಕದ ಇಂಧನ ಇಲಾಖೆಯಲ್ಲಿ ಅತಿ ರಹಸ್ಯ ಕಡತ ನೋಡುವ ಅಧಿಕಾರಕ್ಕೆ ಆ ಅಕ್ಷರವಿದೆ.

30ನೇ ತಾರೀಖು ಬಂತು, ಹೋಯಿತು. ಯಾರ ಬಂಧನವೂ ಆಗಲಿಲ್ಲ.

ನಮ್ಮೂರಿನ ಜ್ಯೋತಿಷಿ ಗಳಿಗೆ ಸಮೇತ ಭವಿಷ್ಯ ಹೇಳಿ ತಪ್ಪಿದ್ದರೆ ಸಂತೆಯಲ್ಲಿ ತಲೆಯೆತ್ತಿ ನಡೆಯುತ್ತಿದ್ದನೇ? ಆದರೆ ಕ್ಯೂವಿನ ಜಾಣತನ ಬೇರೆ. ಮುಂದಿನ ಬರಹಗಳಲ್ಲಿ ಭವಿಷ್ಯ ಕಡಿಮೆಯಾಯಿತು, ಪ್ರಶ್ನೆ ಹೆಚ್ಚಾಯಿತು. ಇವನೇಕೆ ಅಲ್ಲಿಗೆ ಹೋದ? ದುಡ್ಡು ಯಾರದು? ನಡುನಡುವೆ ಬಿಡಿ ಅಕ್ಷರಗಳು, ಅಂಕಿಗಳು. ಓದುಗರು ಪದಬಂಧ ಬಿಡಿಸುವಂತೆ ಕೂತು ಅರ್ಥ ಹುಡುಕಬೇಕು. ಆ ಚೂರುಗಳನ್ನು ಅವರು ರೊಟ್ಟಿಯ ತುಣುಕು ಎಂದೂ, ಜೋಡಿಸುವವರನ್ನು ರೊಟ್ಟಿ ಬೇಯಿಸುವವರು ಎಂದೂ ಕರೆದರು. ಹೇಳಿದ್ದನ್ನು ನಂಬುವುದಕ್ಕಿಂತ ತಾನೇ ಕಂಡುಹಿಡಿದೆನೆಂಬುದನ್ನು ಬಿಡುವುದು ಕಷ್ಟ. ನಿವೃತ್ತರಿಗೆ, ಒಂಟಿಯಾಗಿದ್ದವರಿಗೆ ಅದೊಂದು ಉದ್ಯೋಗವಾಯಿತು, ನಡುರಾತ್ರಿಯಲ್ಲೂ ಮಾತಿಗೆ ಸಿಗುವ ಬಳಗವಾಯಿತು. ಇದನ್ನು ನಾವು ಹಗುರವಾಗಿ ಕಾಣಬಾರದು. ಭವಿಷ್ಯ ಸುಳ್ಳಾದಾಗಲೂ ಉತ್ತರ ಸಿದ್ಧವಿತ್ತು: ಶತ್ರುವನ್ನು ಮೋಸಗೊಳಿಸಲು ಸುಳ್ಳು ಮಾಹಿತಿಯೂ ಬೇಕಾಗುತ್ತದೆ, ಯೋಜನೆಯನ್ನು ನಂಬಿರಿ.

ಈ ಸುದ್ದಿಯನ್ನು ಆ ಮೂಲೆಯಿಂದ ಹೊರತಂದವರು ಕೆಲವೇ ಮಂದಿ. ಮೊದಲ ವಾರಗಳಲ್ಲಿಯೇ ಯೂಟ್ಯೂಬ್‌ನಲ್ಲಿ ವ್ಯಾಖ್ಯಾನ ಹೇಳುವವರು ಹುಟ್ಟಿಕೊಂಡರು, ಕಾಣಿಕೆಯನ್ನೂ ಕೇಳಿದರು. 2018ರ ಜುಲೈ 31ರಂದು ಫ್ಲಾರಿಡಾದ ಟ್ಯಾಂಪಾ ನಗರದ ಟ್ರಂಪ್ ಸಭೆಯಲ್ಲಿ ಕ್ಯೂ ಅಕ್ಷರದ ಅಂಗಿಗಳೂ ಫಲಕಗಳೂ ಟಿವಿಯಲ್ಲಿ ಕಂಡಾಗ ದೇಶವೆಲ್ಲ ಇದೇನೆಂದು ಕೇಳಿತು. 2020ರ ಆಗಸ್ಟ್‌ನಲ್ಲಿ ಈ ಬಗ್ಗೆ ಪ್ರಶ್ನಿಸಿದಾಗ ಟ್ರಂಪ್, ಅವರಿಗೆ ತನ್ನನ್ನು ಕಂಡರೆ ಬಹಳ ಇಷ್ಟವೆಂದು ತಿಳಿದಿದೆ ಎಂದರು. ಅಲ್ಲಗಳೆಯಲಿಲ್ಲ. ನಂಬುವವರಿಗೆ ಅಷ್ಟು ಸಾಕಾಯಿತು.

ಮಕ್ಕಳನ್ನು ಕದಿಯುವ ಗುಪ್ತಕೂಟದ ಆರೋಪ ಮಾತ್ರ ಹೊಸದಲ್ಲ. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಒಬ್ಬ ಹುಡುಗ ಸತ್ತಾಗ ಯೆಹೂದಿಗಳು ಬಲಿ ಕೊಟ್ಟರೆಂಬ ಕಥೆ ಹುಟ್ಟಿತು. 1475ರಲ್ಲಿ ಇಟಲಿಯ ಟ್ರೆಂಟ್‌ನಲ್ಲಿ ಅಂಥದೇ ಮಾತಿಗೆ ಯೆಹೂದಿಗಳನ್ನು ಚಿತ್ರಹಿಂಸೆ ಮಾಡಿ ಕೊಂದರು. 1903ರಲ್ಲಿ ರಷ್ಯಾದ ಪತ್ರಿಕೆಯೊಂದರಲ್ಲಿ ಯೆಹೂದಿ ಹಿರಿಯರ ಗುಪ್ತ ಸಭೆಯ ವರದಿಯೆಂಬ ಖೋಟಾ ಬರಹ ಅಚ್ಚಾಯಿತು. ಅದು ಕದ್ದು ಹೊಲಿದ ಸುಳ್ಳೆಂದು ಲಂಡನ್ನಿನ 'ಟೈಮ್ಸ್' 1921ರಲ್ಲಿ ತೋರಿಸಿಕೊಟ್ಟರೂ ಹಿಟ್ಲರನ ಕಾಲದವರೆಗೆ ಅದು ಓಡಿತು. ಅಮೆರಿಕದಲ್ಲೇ 1983ರಲ್ಲಿ ಕ್ಯಾಲಿಫೋರ್ನಿಯದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಶಿಕ್ಷಕರ ಮೇಲೆ ಸೈತಾನ ಪೂಜೆ, ನೆಲದಡಿಯ ಸುರಂಗ ಎಂದೆಲ್ಲ ಆರೋಪ ಬಂತು. 1990ರವರೆಗೆ ಮೊಕದ್ದಮೆ ನಡೆದು ಒಬ್ಬರ ಮೇಲೂ ಅಪರಾಧ ಸಾಬೀತಾಗಲಿಲ್ಲ. ಒಬ್ಬ ಆರೋಪಿ ಅಷ್ಟರೊಳಗೆ ಸುಮಾರು 5 ವರ್ಷ ಜೈಲಿನಲ್ಲಿದ್ದ.

2020ರಲ್ಲಿ ಕೊರೋನಾ ಬಂದು ಜನ ಮನೆಯೊಳಗೆ ಕೂತಾಗ ಈ ಬಳ್ಳಿ ಹೊಸ ಚಪ್ಪರಕ್ಕೆ ಹತ್ತಿತು. 'ಮಕ್ಕಳನ್ನು ಉಳಿಸಿ' ಎಂಬ ಘೋಷಣೆಯಡಿ ಬಂದ ಸುದ್ದಿಯಲ್ಲಿ ಕ್ಯೂವಿನ ಹೆಸರೇ ಇರುತ್ತಿರಲಿಲ್ಲ. ರಾಜಕೀಯ ಬೇಡವೆನ್ನುವ ತಾಯಂದಿರು ಅದನ್ನು ಕಣ್ಣೀರಿಟ್ಟು ಹಂಚಿದರು. ಯಾವ ತಾಯಿ ಮಕ್ಕಳನ್ನು ಉಳಿಸುವುದು ಬೇಡ ಎಂದಾಳು? ಅದಕ್ಕೆ ಹಿಂದಿನ ವರ್ಷವೇ ಜೆಫ್ರಿ ಎಪ್ಸ್ಟೀನ್ ಎಂಬ ಶ್ರೀಮಂತ, ಬಾಲಕಿಯರ ಮೇಲಿನ ನಿಜವಾದ ಅಪರಾಧಕ್ಕೆ ಬಂಧಿತನಾಗಿ ಜೈಲಿನಲ್ಲೇ ಸತ್ತಿದ್ದ. ದೊಡ್ಡವರ ಸಂಗ ಅವನಿಗಿದ್ದದ್ದೂ ನಿಜ. ಹಿಡಿಯಷ್ಟು ಸತ್ಯ ಬೆರೆತಾಗ ಸುಳ್ಳಿಗೆ ಬಹಳ ಬಲ ಬರುತ್ತದೆ.

ಆದದ್ದೇನು ನೋಡಿ. ಆ ಜುಲೈನಲ್ಲಿ ವೇಫೇರ್ ಎಂಬ ಪೀಠೋಪಕರಣದ ಕಂಪನಿ ದುಬಾರಿ ಕಪಾಟುಗಳಿಗೆ ಹುಡುಗಿಯರ ಹೆಸರಿಟ್ಟಿದೆ, ಅದರ ಮೂಲಕ ಮಕ್ಕಳನ್ನೇ ಮಾರುತ್ತಿದೆ ಎಂದು ಹಬ್ಬಿಸಿದರು. ಮಾನವ ಸಾಗಣೆಗೆ ಸಿಕ್ಕವರ ಸಹಾಯವಾಣಿಗೆ ಈ ಸುಳ್ಳು ದೂರಿನ ಕರೆಗಳೇ ತುಂಬಿ, ನಿಜವಾಗಿ ಆಪತ್ತಿನಲ್ಲಿದ್ದವರಿಗೆ ಉತ್ತರಿಸುವುದು ಕಷ್ಟವಾಯಿತೆಂದು ಆಗ ಅದನ್ನು ನಡೆಸುತ್ತಿದ್ದ ಪೊಲಾರಿಸ್ ಸಂಸ್ಥೆ ಹೇಳಿತು. ಮಕ್ಕಳ ಮೇಲಿನ ದೌರ್ಜನ್ಯ ಹೆಚ್ಚಾಗಿ ನಡೆಯುವುದು ಪರಿಚಿತರಿಂದ, ಬಂಧುಗಳಿಂದ. ದೂರದ ಗುಪ್ತಕೂಟವನ್ನು ನೋಡುತ್ತ ಕೂತ ಕಣ್ಣಿಗೆ ಪಕ್ಕದ ಕೋಣೆ ಕಾಣುವುದಿಲ್ಲ. 2021ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯದ ತಂದೆಯೊಬ್ಬ ತನ್ನ ಎರಡು ಹಸುಗೂಸುಗಳನ್ನು ಮೆಕ್ಸಿಕೊಗೆ ಒಯ್ದು ಕೊಂದ. ಕ್ಯೂವಿನ ವಿಚಾರಗಳಿಂದ ತನಗೆ 'ಅರಿವು' ಬಂತೆಂದು ಅವನು ಹೇಳಿದ್ದಾಗಿ ಎಫ್‌ಬಿಐ ನ್ಯಾಯಾಲಯಕ್ಕೆ ತಿಳಿಸಿತು. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೆ ಮಕ್ಕಳನ್ನು ಉಳಿಸುವೆವೆಂದು ಹೊರಟ ಮಾತು ಎಲ್ಲಿಗೆ ಮುಟ್ಟಿತೆಂಬುದನ್ನು ಮುಚ್ಚಿಡಲೂ ಆಗದು.

ಅದಕ್ಕೂ ಮೊದಲೇ, 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದ ಗುಂಪಿನಲ್ಲಿ ಕ್ಯೂ ಭಕ್ತರು ಹಲವರಿದ್ದರು. ಕೊಂಬಿನ ಟೋಪಿ ತೊಟ್ಟವನ ಚಿತ್ರ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅವನಿಗಾದ 41 ತಿಂಗಳ ಸೆರೆಯ ತೀರ್ಪನ್ನು 2025ರ ಜನವರಿಯಲ್ಲಿ ಟ್ರಂಪ್ ಮನ್ನಿಸಿದರು. 2021ರ ಜನವರಿ 20ರಂದು ಜೋ ಬೈಡನ್ ಪ್ರಮಾಣವಚನ ಮುಗಿಯುವವರೆಗೂ, ಈಗ ಸೈನ್ಯ ಬಂದು ಹಿಡಿಯುತ್ತದೆ ಎಂದು ಭಕ್ತರು ಟಿವಿ ಮುಂದೆ ಕಾದಿದ್ದರು.

ಕ್ಯೂ ಯಾರು? ಸುಮಾರು 5,000 ಬರಹಗಳ ನಂತರ 2020ರ ಡಿಸೆಂಬರ್‌ನಲ್ಲಿ ಆ ಕೈ ನಿಂತಿತು, 2022ರಲ್ಲಿ ಮತ್ತೆ ಕೆಲವು ಬಂದವು. ಎರಡು ಬೇರೆ ಬೇರೆ ತಂಡಗಳು ಬರಹದ ಶೈಲಿಯನ್ನು ಗಣಕದಲ್ಲಿ ಪರೀಕ್ಷಿಸಿ, ಮೊದಲು ದಕ್ಷಿಣ ಆಫ್ರಿಕದ ಪಾಲ್ ಫರ್ಬರ್, ಆಮೇಲೆ ಬರಹಗಳು ಸ್ಥಳಾಂತರವಾದ '8ಚಾನ್' ತಾಣದ ಆಡಳಿತಗಾರ ರಾನ್ ವಾಟ್ಕಿನ್ಸ್ ಬರೆದಿರಬೇಕೆಂದು 2022ರಲ್ಲಿ ಹೇಳಿದವು. ಇಬ್ಬರೂ ಅಲ್ಲವೆಂದರು. ಅಷ್ಟರಲ್ಲಿ ಜರ್ಮನಿ, ಜಪಾನ್‌ಗಳಲ್ಲೂ ಈ ನಂಬಿಕೆಯ ಕವಲುಗಳು ಚಿಗುರಿದ್ದವು.

ಇನ್ನು ಆ ತಾಯಿಯ ಪ್ರಶ್ನೆಯ ಒಳಗಿರುವ ಪ್ರಶ್ನೆ: ಇಂಥವರು ಹಿಂದಿರುಗಿ ಬರುತ್ತಾರೆಯೇ? ಆಸ್ಟ್ರೇಲಿಯದ ಸಿಡ್ನಿಯಲ್ಲಿ ಭಾರತೀಯ ಮೂಲದ ಒಬ್ಬ ಯುವಕ 2017ರ ಕೊನೆಯಲ್ಲಿ ಇದಕ್ಕೆ ಸಿಕ್ಕಿಬಿದ್ದ. ಓದು, ಗೆಳೆಯರು ದೂರವಾದ ದಿನಗಳು ಅವು. ಭಕ್ತರು ಕೇಳಿದ ಒಂದು ವಿಶೇಷ ನುಡಿಯನ್ನು ಟ್ರಂಪ್ ಭಾಷಣದಲ್ಲಿ ಆಡಿದ್ದೇ ಕ್ಯೂ ನಿಜವೆನ್ನಲು ಅವನಿಗೆ ದೊಡ್ಡ ಪುರಾವೆಯಾಗಿತ್ತು. 2019ರಲ್ಲಿ ಒಂದು ವೀಡಿಯೊ ನೋಡಿದ. ಟ್ರಂಪ್ ಅದೇ ನುಡಿಯನ್ನು ಅದಕ್ಕೂ ಮುಂಚೆ ಎಷ್ಟೋ ಸಲ ಆಡಿದ್ದರು. ಅದು ಅವರ ಬಾಯಿಚಾಳಿ. ಗೋಪುರದ ಬುಡದ ಇಟ್ಟಿಗೆ ಜಾರಿತು. ಯಾರೂ ಅವನನ್ನು ಗೇಲಿ ಮಾಡಿ ಗೆದ್ದದ್ದಲ್ಲ, ಅವನ ಪುರಾವೆಯೊಂದನ್ನೇ ಅವನ ಮುಂದೆ ಬಿಚ್ಚಿಟ್ಟದ್ದು.

ಆದರೆ ಅಷ್ಟರೊಳಗೆ ಅವನು ತನ್ನ ತಂದೆಗೆ ಇದನ್ನೆಲ್ಲ ಓದಿ ಹೇಳಿದ್ದ. ಅಪ್ಪ-ಮಗ ಕೂತು ಮಾತಾಡಲು ಸಿಕ್ಕ ವಿಷಯ ಅದಾಗಿತ್ತು. ಮಗ ಹೊರಬಂದ ಮೇಲೂ ತಂದೆ ನಂಬುತ್ತಲೇ ಇದ್ದರೆಂದೂ, ತಂದೆಗೆ ಅದನ್ನು ತೋರಿಸಿದ್ದೇ ತನ್ನ ದೊಡ್ಡ ಪಶ್ಚಾತ್ತಾಪವೆಂದೂ ಅವನು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ.