ಮಾವಿನ ವಾಸನೆ ಬಂದ ಮಾತ್ರಕ್ಕೆ ಅದು ಮಾವಲ್ಲ

"ಇದು ಗಾಂಜಾ ಅಲ್ಲ ಬಿಡ್ರಿ, ಮಾವಿನಹಣ್ಣಿನ ವಾಸನೆ ಬರುತ್ತೆ." ಬೆಂಗಳೂರಿನ ಪಿಜಿಯಿಂದ ಹಬ್ಬಕ್ಕೆ ಬಂದ ಹುಡುಗನೊಬ್ಬ ಜೇಬಿನಿಂದ ಪೆನ್ನಿನಂಥದ್ದು ತೆಗೆದು ಚನ್ನರಾಯಪಟ್ಟಣದ ಟೀ ಅಂಗಡಿಯೊಂದರಲ್ಲಿ ನಮಗೆ ಹೇಳಿದ ಮಾತಿದು. ಅವನಿಗೆ ಅದು ಧೈರ್ಯ. ನಮಗೆ ಅದೇ ಭಯ.

ಆ ವಾಸನೆ ಟರ್ಪೀನ್ ಅನ್ನೋ ಪದಾರ್ಥಗಳದ್ದು. ನಿಂಬೆ ಸಿಪ್ಪೆ ಹಿಸುಕಿದರೆ ಮೂಗಿಗೆ ಹೊಡೆಯೋದು ಲಿಮೋನೀನ್. ಸಕಲೇಶಪುರದ ಕಾಳುಮೆಣಸಿನಲ್ಲಿ ಕ್ಯಾರಿಯೋಫಿಲಿನ್, ಮಾವಿನಲ್ಲಿ ಮಿರ್ಸೀನ್. ಇವೆಲ್ಲ ಗಾಂಜಾ ಗಿಡದಲ್ಲೂ ಇವೆ. ಇವುಗಳ ಪ್ರಮಾಣ ಬದಲಾದಂತೆ ಒಂದು ತಳಿ ನಿಂಬೆಯಂತೆ, ಇನ್ನೊಂದು ಮೆಣಸಿನಂತೆ ಅನಿಸುತ್ತೆ. ಅಮಲೇರಿಸೋ ಟಿಎಚ್‌ಸಿಗೆ ಮಾತ್ರ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಅಂದ ಮೇಲೆ ಅಮಲು ಎಷ್ಟಿದೆ ಅಂತ ಮೂಗು ಹೇಗೆ ಹೇಳುತ್ತೆ?

ಸಾರಿಗೆ ಕೊತ್ತಂಬರಿ ಸೊಪ್ಪು ಇಳಿಸೋ ಹೊತ್ತಿಗೆ ಯಾಕೆ ಹಾಕ್ತಾರೆ ಅಂತ ಅಮ್ಮಂದಿರಿಗೆ ಗೊತ್ತು. ಮೊದಲೇ ಹಾಕಿ ಕುದಿಸಿದರೆ ಘಮ ಹಾರಿಹೋಗುತ್ತೆ. ಗಾಂಜಾ ಎಣ್ಣೆಯನ್ನು ಕಾಯಿಸಿ ಶುದ್ಧ ಮಾಡುವಾಗಲೂ ಟರ್ಪೀನ್ ಬಹುಪಾಲು ಹೋಗಿಬಿಡುತ್ತೆ. ಆಮೇಲೆ ಬೇರೆ ಗಿಡದ್ದೋ ಲ್ಯಾಬಿನದ್ದೋ ಟರ್ಪೀನ್ ಬೆರೆಸ್ತಾರೆ. ಹುಡುಗನಿಗೆ ಬಂದ ಮಾವಿನ ರುಚಿ ಹೀಗೆ ಕೊನೆಗೆ ಸುರಿದದ್ದು ಇರಬಹುದು. ಒಳಗಿನ ಎಣ್ಣೆಯಲ್ಲೋ ಟಿಎಚ್‌ಸಿ ಹಲವು ಸಲ ಶೇ. 60ರಿಂದ 90.

"ನೈಸರ್ಗಿಕ ಕಣ್ರೀ" ಅಂತಾರೆ. ಹೊಗೆಸೊಪ್ಪು ನೈಸರ್ಗಿಕ ಅಲ್ವಾ? ರಾಮನಾಥಪುರದ ಹರಾಜಿಗೆ ಸೊಪ್ಪು ಒಯ್ಯೋ ಅರಕಲಗೂಡಿನ ರೈತರನ್ನ ಕೇಳಿ. ಬ್ಯಾರನ್‌ನಲ್ಲಿ ಬಿಸಿ ಹದ ತಪ್ಪಿದರೆ ಸೊಪ್ಪಿನ ಬಣ್ಣ, ವಾಸನೆ, ರೇಟು ಎಲ್ಲಾ ಕೆಡುತ್ತೆ. ಟರ್ಪೀನ್‌ಗೂ ಬಿಸಿ ತಾಗಿದರೆ ಅದು ಅದಾಗಿ ಉಳಿಯಲ್ಲ. 2017ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದವರು ಟರ್ಪೀನನ್ನು ಜೋರಾಗಿ ಕಾಯಿಸಿ ನೋಡಿದಾಗ ಶ್ವಾಸಕೋಶ ಸುಡುವ ಮೆಥಾಕ್ರೋಲೀನ್, ಕ್ಯಾನ್ಸರ್ ತರುವ ಬೆಂಜೀನ್ ಸಿಕ್ಕವು. ಅದೇ ದೇಶದಲ್ಲಿ 2019ರಲ್ಲಿ ಇಂಥ ಪೆನ್ನು ಸೇದಿದವರ ಶ್ವಾಸಕೋಶ ಕೆಟ್ಟು, 2020ರ ಫೆಬ್ರವರಿ ಹೊತ್ತಿಗೆ 68 ಜನ ಸತ್ತರು. ಅಲ್ಲಿ ಮುಖ್ಯವಾಗಿ ಬೊಟ್ಟು ಮಾಡಿದ್ದು ಎಣ್ಣೆಗೆ ಬೆರೆಸಿದ ವಿಟಮಿನ್ ಇ ಅಸಿಟೇಟ್ ಕಡೆಗೆ. ಅದನ್ನೂ ಮೂಗು ಹಿಡಿಯಲಿಲ್ಲ.

ಇನ್ನು ಕಾನೂನು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಈ ಎಣ್ಣೆ ಚರಸ್‌ ಲೆಕ್ಕಕ್ಕೆ ಬರುತ್ತೆ. ಗಾಂಜಾ 1 ಕೆ.ಜಿ.ವರೆಗೆ "ಸಣ್ಣ ಪ್ರಮಾಣ", ಚರಸ್ ಬರೀ 100 ಗ್ರಾಂ. ಇ-ಸಿಗರೇಟಿನ ಮಾರಾಟವಂತೂ 2019ರಿಂದಲೇ ನಿಷೇಧ. ಹಣ್ಣಿನ ಹೆಸರಿಗೆ ಯಾವ ರಿಯಾಯಿತಿಯೂ ಇಲ್ಲ.

ನಮ್ಮ ಸಿಟ್ಟು ಹುಡುಗರ ಮೇಲೆ ಮಾತ್ರ ಅಲ್ಲ. ಕಾಲೇಜಿಗೆ ಬಂದು ಜಾಗೃತಿ ಭಾಷಣ ಮಾಡೋರು ಇವತ್ತಿಗೂ ಐದಾರು ಬೆರಳಿನ ಹಸಿರೆಲೆ ತೋರಿಸ್ತಾರೆ, "ಘಾಟು ವಾಸನೆ ಬಂದ್ರೆ ಹುಷಾರು" ಅಂತಾರೆ. (ಭಾಷಣ ಮುಗಿಸಿ ಹೊರಗೆ ಬಂದು ಸಿಗರೇಟು ಹಚ್ಚೋರೂ ಇದ್ದಾರೆ, ಇರಲಿ.) ಮನೆಯಲ್ಲಿ ಅಪ್ಪ ಅಮ್ಮ ಆ ಘಾಟನ್ನೇ ಕಾಯ್ತಾ ಕೂತಿದ್ದಾರೆ. ಮಗನ ರೂಮಿಂದ ಬರ್ತಿರೋದು ಮಾವಿನ ವಾಸನೆ. ಮುಂದಿನ ಸಲ ಭಾಷಣಕ್ಕೆ ಬರೋರು ಎಲೆಯ ಚಿತ್ರದ ಜೊತೆ ಆ ಪೆನ್ನಿನ ಚಿತ್ರವನ್ನೂ ತನ್ನಿ.