ಥ್ರಾಟಲ್ ಬಾಡಿಗೆ ಸ್ಪೇಸರ್ ಬೇಡ

ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ಬಾಡಿಯನ್ನು ಕಾರಿನಿಂದ ಬಿಚ್ಚಿ, ಅದಕ್ಕೂ ಇನ್‌ಟೇಕ್ ಮ್ಯಾನಿಫೋಲ್ಡಿಗೂ ನಡುವೆ ದಪ್ಪನೆಯ ಅಲ್ಯೂಮಿನಿಯಂ ಸ್ಪೇಸರ್ ಕೂರಿಸಿ, ಉದ್ದದ ಬೋಲ್ಟ್ ಹಾಕಿ ಬಿಗಿದರೆ ಪಿಕಪ್ಪೂ ಏರುತ್ತದೆ, ಮೈಲೇಜೂ ಏರುತ್ತದೆ ಎಂದು ಮಾರುವವರು ಹೇಳುತ್ತಾರೆ. ಸ್ಪೇಸರಿನ ಒಳಮೈಯಲ್ಲಿ ಕೊರೆದ ಸುರುಳಿ ಗೆರೆಗಳು ಗಾಳಿಯನ್ನು ತಿರುಗಿಸಿ ಪೆಟ್ರೋಲಿನೊಂದಿಗೆ ಚೆನ್ನಾಗಿ ಬೆರೆಸುತ್ತವೆ ಎಂಬುದು ಅವರ ವಾದ. ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಈ ಮಾತಿಗೆ ಒಂದಿಷ್ಟು ಆಧಾರವಿತ್ತು. ಆಗ ಗಾಳಿ, ಪೆಟ್ರೋಲ್ ಎರಡೂ ಒಂದೇ ದಾರಿಯಲ್ಲಿ ಇಳಿಯುತ್ತಿದ್ದವು. ಎಂಪಿಎಫ್‌ಐ (ಮಲ್ಟಿಪಾಯಿಂಟ್ ಫ್ಯೂಯಲ್ ಇಂಜೆಕ್ಷನ್) ಎಂಜಿನ್ನಿನಲ್ಲಿ ಇಂಜೆಕ್ಟರುಗಳು ಪೆಟ್ರೋಲನ್ನು ಸಿಂಪಡಿಸುವುದು ಪ್ರತಿ ಸಿಲಿಂಡರಿನ ಇನ್‌ಟೇಕ್ ವಾಲ್ವಿನ ಹತ್ತಿರ. ಥ್ರಾಟಲ್ ಬಾಡಿಯನ್ನು ದಾಟುವುದು ಬರೀ ಗಾಳಿ. ಬೆರೆಸೋಣವೆಂದರೆ ಅಲ್ಲಿ ಪೆಟ್ರೋಲೇ ಇಲ್ಲ. ದಿನಬಳಕೆಯ ಕಾರಿನಲ್ಲಿ ಆ ಜಾಗಕ್ಕೆ ಕೈಹಾಕಿದರೆ ಲಾಭಕ್ಕಿಂತ ಕೆಡುಕೇ ಹೆಚ್ಚು ಎಂಬುದು ನನ್ನ ಖಚಿತ ನಿಲುವು.

ಇದಕ್ಕೆ ಕಾರಣ ಎಂಜಿನ್ನಿನ ಲೆಕ್ಕದಲ್ಲಿದೆ. ಒಳಗೆ ಬರುವ ಗಾಳಿ ಎಷ್ಟೆಂದು ಸೆನ್ಸರ್ ಹೇಳಿದ ಮೇಲೆ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಅದಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ; ತೂಕದಲ್ಲಿ ಸುಮಾರು 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್. ಒಂದು ಗ್ಯಾಸ್ಕೆಟ್ ಇದ್ದ ಕಡೆ ಸ್ಪೇಸರ್ ಬಂದರೆ ಗ್ಯಾಸ್ಕೆಟ್ ಎರಡಾಗುತ್ತವೆ, ಗಾಳಿ ನುಸುಳಬಹುದಾದ ಸಂದುಗಳೂ ಎರಡಾಗುತ್ತವೆ. ಥ್ರಾಟಲಿಗೆ ಮುಂಚೆಯೇ ಗಾಳಿಯನ್ನು ಅಳೆಯುವ ಎಂಜಿನ್ನಿನಲ್ಲಿ ಈ ಸಂದಿನಿಂದ ನುಗ್ಗಿದ ಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ. ಮ್ಯಾನಿಫೋಲ್ಡಿನ ಒತ್ತಡ ನೋಡಿ ಲೆಕ್ಕ ಹಾಕುವ ಎಂಜಿನ್ನಿನಲ್ಲಾದರೆ ಐಡ್ಲಿಂಗ್ ತಾನಾಗಿ ಏರುತ್ತದೆ. ಇಸಿಯು ಇದನ್ನು ಸರಿದೂಗಿಸುವುದಿಲ್ಲವೇ ಎಂದು ಕೇಳಬಹುದು. ಸರಿದೂಗಿಸುತ್ತದೆ, ಆದರೆ ಒಂದು ಮಿತಿಯವರೆಗೆ. ಅದು ಮೀರಿದರೆ ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ.

ಸ್ಪೇಸರ್ ಬಿಟ್ಟು, ಅಡಾಪ್ಟರ್ ಪ್ಲೇಟಿನ ಮೇಲೆ ದೊಡ್ಡ ಬಾಯಿಯ ಥ್ರಾಟಲ್ ಬಾಡಿಯನ್ನೇ ಕೂರಿಸಿದವರು, ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ ಎನ್ನುತ್ತಾರೆ. ಅವರ ಅನುಭವ ಸುಳ್ಳಲ್ಲ, ಅದಕ್ಕೆ ಕೊಡುವ ಅರ್ಥ ತಪ್ಪು. ಬಾಯಿಯ ವ್ಯಾಸ 50 ಮಿಲಿಮೀಟರಿನಿಂದ 60ಕ್ಕೆ ಏರಿದರೆ ವಿಸ್ತೀರ್ಣ ಶೇ. 44ರಷ್ಟು ಹಿಗ್ಗುತ್ತದೆ. ಹಾಗಾಗಿ ಪೆಡಲನ್ನು ಸ್ವಲ್ಪ ಒತ್ತಿದರೂ ಮೊದಲಿಗಿಂತ ಹೆಚ್ಚು ಗಾಳಿ ಒಳಗೆ ಹೋಗಿ ಕಾರು ಚುರುಕಾದಂತೆ ಅನಿಸುತ್ತದೆ. ಆದರೆ ಪೆಡಲನ್ನು ಪೂರ್ತಿ ಒತ್ತಿದಾಗ ಸಿಲಿಂಡರು ಎಳೆದುಕೊಳ್ಳುವಷ್ಟೇ ಗಾಳಿ ಬರುತ್ತದೆ. ಅದನ್ನು ನಿರ್ಧರಿಸುವುದು ಎಂಜಿನ್ನಿನ ಗಾತ್ರ, ವಾಲ್ವ್, ಕ್ಯಾಮ್‌ಶಾಫ್ಟ್, ಎಕ್ಸಾಸ್ಟ್. ಚುರುಕೆನಿಸಿದ ಕಾರೇ ಟ್ರಾಫಿಕ್ಕಿನಲ್ಲಿ ನಿಧಾನವಾಗಿ ಸಾಗುವಾಗ ಜಗ್ಗುತ್ತದೆ. ರೇಸಿನವರು ಮಾಡುವುದಿಲ್ಲವೇ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಅವರು ಕ್ಯಾಮ್, ಎಕ್ಸಾಸ್ಟ್, ಇಸಿಯು ಮ್ಯಾಪ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ ಎಂಜಿನ್ ಶಕ್ತಿಯನ್ನು ಡೈನೋ ಯಂತ್ರದ ಮೇಲೆ ಅಳೆಯುತ್ತಾರೆ. ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯ ನಿಯಮವಂತೂ ಪೆಟ್ರೋಲ್ ಎಂಜಿನ್ನಿನ ಗಾಳಿಯೆಲ್ಲ 20 ಮಿಲಿಮೀಟರ್ ಕಿಂಡಿಯಲ್ಲೇ ಹಾದುಬರಬೇಕು ಎನ್ನುತ್ತದೆ. ಬೆಂಗಳೂರಿನ ಆರ್‌.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್‌ನಂಥ ತಂಡಗಳ ವಿದ್ಯಾರ್ಥಿಗಳು ಆ ಕಟ್ಟುಪಾಡಿನೊಳಗೇ ಕಾರು ಕಟ್ಟಿದ್ದಾರೆ. ಮಾರ್ಪಾಡಿಗೆ ಅಂಥ ಶಿಸ್ತು ಇದ್ದರೆ ನನ್ನ ತಕರಾರಿಲ್ಲ.

ನನ್ನ ಕಾರು, ನನ್ನ ದುಡ್ಡು ಎನ್ನುವವರು ಹೊಗೆಯ ವಿಷಯವನ್ನು ಮರೆಯುತ್ತಾರೆ. ಕೆಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುವುದು ಗಾಳಿ-ಪೆಟ್ರೋಲಿನ ಪ್ರಮಾಣ ಮೇಲೆ ಹೇಳಿದ 14.7ರ ಆಸುಪಾಸಿನಲ್ಲಿದ್ದಾಗ ಮಾತ್ರ. ಅದು ತಪ್ಪಿದರೆ ನೈಟ್ರೋಜನ್ ಆಕ್ಸೈಡೋ ಕಾರ್ಬನ್ ಮಾನಾಕ್ಸೈಡೋ ಹೆಚ್ಚುತ್ತದೆ, ಅದನ್ನು ಉಸಿರಾಡುವವರು ಹಿಂದೆ ಸ್ಕೂಟರಿನಲ್ಲಿ ಬರುವ ಬೇರೆಯವರು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ, ನಿಯಮ ಒಪ್ಪದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಬಹುದು. ಅಷ್ಟಕ್ಕೂ ಪಿಕಪ್ ಕುಗ್ಗಿದೆ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಥ್ರಾಟಲಿನ ಬಟರ್‌ಫ್ಲೈ ವಾಲ್ವಿನ ಅಂಚಿಗೆ ಕಟ್ಟಿದ ಮಸಿ. ಸ್ಪೇಸರಿಗೆ ಸುರಿಯುವ ಹಣದಲ್ಲಿ ಆ ಮಸಿ ತೆಗೆಸಿ, ಹೊಸ ಗ್ಯಾಸ್ಕೆಟ್ ಹಾಕಿಸಿ, ಕಂಪನಿ ಹೇಳಿದ ಟಾರ್ಕಿಗೆ ಬೋಲ್ಟ್ ಬಿಗಿಸಬಹುದು. ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ಸ್ಕ್ಯಾನರ್ ಹಚ್ಚಿ ಐಡ್ಲಿಂಗನ್ನು ಮತ್ತೆ ಹೊಂದಿಸಲು ಮೆಕ್ಯಾನಿಕ್ಕಿಗೆ ಹೇಳಬೇಕು.