ಆನ್‌ಲೈನ್ ಕೋರ್ಸೂ ಕೆಂಪು ಶಾಯಿಯೂ



ಹಳೆಯ ವಿದ್ಯಾರ್ಥಿಗಳೂ ನೆಂಟರಿಷ್ಟರೂ ದೂರವಾಣಿ ಮಾಡಿ ಕೇಳುವ ಪ್ರಶ್ನೆಗಳಲ್ಲಿ ಒಂದು ಈಚೆಗೆ ಮತ್ತೆ ಮತ್ತೆ ಬರುತ್ತಿದೆ. "ಸಾರ್, ಮಗಳನ್ನು ಆನ್‌ಲೈನ್ ಡಿಗ್ರಿಗೆ ಸೇರಿಸಿದ್ದೇವೆ. ಅದರಲ್ಲಿ ಬರವಣಿಗೆಯದೇ ಒಂದು ಕೋರ್ಸ್ ಇದೆಯಂತೆ. ಯಾವ ಲ್ಯಾಪ್‌ಟಾಪ್ ಕೊಡಿಸಿದರೆ ಒಳ್ಳೆಯದು?" ಯಾವುದಾದರೂ ಆದೀತು ಎಂದರೆ ಅವರಿಗೆ ಸಮಾಧಾನವಿಲ್ಲ, ಮೇಷ್ಟ್ರಿಗೆ ಕಂಪ್ಯೂಟರ್ ಗೊತ್ತಿಲ್ಲ ಎಂದುಕೊಳ್ಳುತ್ತಾರೆ! (ಶಾಲೆಯ ಪ್ರಶ್ನೆಪತ್ರಿಕೆಗಳನ್ನು ನುಡಿ ತಂತ್ರಾಂಶದಲ್ಲಿ ವರ್ಷಗಟ್ಟಲೆ ಟೈಪು ಮಾಡಿದವನು ನಾನು.)

ಆದುದರಿಂದ ಒಮ್ಮೆ ಸ್ಪಷ್ಟವಾಗಿ ಬರೆದುಬಿಡುತ್ತೇನೆ. ಬರವಣಿಗೆಯ ಕೋರ್ಸಿನಲ್ಲಿ ಮಗು ಗೆಲ್ಲಬೇಕಾದರೆ ಅದು ಬರೆದದ್ದನ್ನು ಸಾಲುಸಾಲಾಗಿ ಓದಿ, ತಪ್ಪು ತೋರಿಸಿ, ಹಿಂತಿರುಗಿಸುವ ಒಬ್ಬ ಮನುಷ್ಯನಿರಬೇಕು. ಹಿಂತಿರುಗಿ ಬಂದದ್ದನ್ನು ಮತ್ತೆ ಬರೆಯುವ ತಾಳ್ಮೆ ಆ ಮಗುವಿಗಿರಬೇಕು. ಇವೆರಡೂ ಇಲ್ಲದ ಕೋರ್ಸಿಗೆ ಕಟ್ಟುವ ಶುಲ್ಕ ದಂಡ.

ನಾನು ದೂರಶಿಕ್ಷಣದ ವಿರೋಧಿಯಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ನೌಕರಿಯಲ್ಲಿದ್ದುಕೊಂಡೇ ಎಂ.ಎ. ಮಾಡಿದ್ದು ಆ ದಾರಿಯಲ್ಲಿ. ಪಾಠದ ಪುಸ್ತಿಕೆಗಳನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಹರಡಿಕೊಂಡು, ತಾವು ಬರೆದ ಉತ್ತರವನ್ನು ಊಟದ ಬಿಡುವಿನಲ್ಲಿ ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದರು. "ಇದು ಉತ್ತರ ಅಲ್ಲ ಕಣಯ್ಯ, ಪ್ರಶ್ನೆಯನ್ನೇ ಉದ್ದ ಮಾಡಿದ್ದೀಯ" ಎಂದು ಹಿರಿಯರೊಬ್ಬರು ಗದರಿದ್ದು ಇನ್ನೂ ನೆನಪಿದೆ. ವಿಶ್ವವಿದ್ಯಾಲಯ ಮೈಸೂರಿನಲ್ಲಿತ್ತು, ತಿದ್ದುವವರು ಪಕ್ಕದ ಕುರ್ಚಿಯಲ್ಲಿದ್ದರು. ಇಂದು ತ್ಯಾಮಗೊಂಡ್ಲುವಿನ ಕಡೆಯ ಹಳ್ಳಿಯ ಹೆಣ್ಣುಮಗಳು ಎರಡು ಬಸ್ಸು ಬದಲಿಸದೆ ಮನೆಯಿಂದಲೇ ಪದವಿ ಓದಬಲ್ಲಳೆಂದರೆ ನನಗೆ ಸಂತೋಷವೇ. ಮಾನ್ಯತೆಯಿರುವ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿಯೂ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿಯೇ ಹೇಳಿದೆ. ನನ್ನ ಜಗಳ ಪದವಿಯೊಂದಿಗಲ್ಲ, ಬರವಣಿಗೆಯನ್ನು ಓದದೆಯೇ ಬರವಣಿಗೆ ಕಲಿಸುತ್ತೇವೆ ಎನ್ನುವವರೊಂದಿಗೆ.

ಇತಿಹಾಸವನ್ನೋ ಲೆಕ್ಕಶಾಸ್ತ್ರವನ್ನೋ ವಿಡಿಯೋ ನೋಡಿ ತಕ್ಕಮಟ್ಟಿಗೆ ಕಲಿಯಬಹುದು. ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆ 2017ರ ಜುಲೈನಲ್ಲಿ ಆರಂಭವಾದ ಮೇಲೆ ಎಷ್ಟೋ ಮಂದಿಗೆ ಒಳ್ಳೆಯ ಅಧ್ಯಾಪಕರ ಪಾಠ ಹಣವಿಲ್ಲದೆ ದೊರೆತಿದೆ. ಅಲ್ಲಿಯ ಅನೇಕ ಕೋರ್ಸುಗಳಲ್ಲಿ 100ಕ್ಕೆ 25 ಅಂಕ ಅಸೈನ್‌ಮೆಂಟಿಗೆ, 75 ಅಂಕ ಅಂತಿಮ ಪರೀಕ್ಷೆಗೆ. ಆ ಅಸೈನ್‌ಮೆಂಟುಗಳಲ್ಲಿಯೂ ಬಹುಪಾಲು ನಾಲ್ಕರಲ್ಲಿ ಒಂದು ಉತ್ತರವನ್ನು ಆರಿಸುವಂಥವು. ಸಾವಿರಾರು ಜನರಿರುವಲ್ಲಿ ಬೇರೆ ಉಪಾಯವಿಲ್ಲ, ಒಪ್ಪುತ್ತೇನೆ. ಆದರೆ ನಾಲ್ಕು ವಾಕ್ಯಗಳಲ್ಲಿ ಸರಿಯಾದುದನ್ನು ಗುರುತಿಸಬಲ್ಲವನಿಗೆ ಐದನೆಯ ವಾಕ್ಯವನ್ನು ತಾನೇ ಬರೆಯಲು ಬರುತ್ತದೆಂದು ಯಾರು ಹೇಳಿದರು? ನಮ್ಮ ಕಾಲದಲ್ಲಿ ಸೋರೆಬುರುಡೆ ಕಟ್ಟಿ ಬಾವಿಗಿಳಿಸುತ್ತಿದ್ದರು. ನೀರು ಕುಡಿದ ಮೇಲೆಯೇ ಈಜು.

ಮಕ್ಕಳನ್ನು ಬೈಯುವುದು ಸುಲಭ. ಆದರೆ ಇಂದು ಪದವಿಯ ವಯಸ್ಸಿನಲ್ಲಿರುವವರು ಯಾವ ಬಾಗಿಲಿನಿಂದ ಒಳಗೆ ಬಂದರು ನೋಡಿ. 2021ರಲ್ಲಿ ಕೊರೋನಾ ಕಾರಣದಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆ ಜುಲೈ 19 ಮತ್ತು 22, ಎರಡೇ ದಿನ ನಡೆಯಿತು. ದಿನಕ್ಕೆ ಮೂರು ವಿಷಯ, ಎಲ್ಲವೂ ಓಎಂಆರ್ ಹಾಳೆಯಲ್ಲಿ ಉತ್ತರ ಗುರುತಿಸುವುದು. ಕನ್ನಡದ ಪರೀಕ್ಷೆಯಲ್ಲಿ ಒಂದೇ ಒಂದು ಕನ್ನಡ ವಾಕ್ಯ ಬರೆಯದೆ ಆ ವರ್ಷದ ಮಕ್ಕಳು ಹತ್ತನೆಯ ತರಗತಿ ದಾಟಿದರು! ಆಗಿನ ಪರಿಸ್ಥಿತಿಯಲ್ಲಿ ಅದು ಅನಿವಾರ್ಯವಾಗಿತ್ತು, ಸರ್ಕಾರವನ್ನು ದೂರುವುದಿಲ್ಲ. ಬಿಟ್ಟುಹೋದ ಬರವಣಿಗೆಯನ್ನು ಆಮೇಲೆ ಯಾರು ತುಂಬಿಸಿಕೊಟ್ಟರು ಎಂಬುದಷ್ಟೇ ನನ್ನ ಪ್ರಶ್ನೆ. ಉಳಿದ ವರ್ಷಗಳ ಕಥೆಯೂ ಹೆಮ್ಮೆಪಡುವಂಥದ್ದಲ್ಲ. ಗಾದೆ ವಿಸ್ತರಣೆ, ಪತ್ರಲೇಖನ, ಪ್ರಬಂಧ, ಇವು ಮಗುವಿನ ಸ್ವಂತ ಮಾತಿಗೆಂದೇ ಪ್ರಶ್ನೆಪತ್ರಿಕೆಯಲ್ಲಿರುವ ಜಾಗಗಳು. ಅವನ್ನೂ ಗೈಡಿನಿಂದ ಉರು ಹೊಡೆಸಿ ಅಂಕ ಕೊಡಿಸಿದ್ದೇವೆ. ಒಂದು ತರಗತಿಯ ಅರವತ್ತು ಉತ್ತರಪತ್ರಿಕೆಗಳಲ್ಲಿ 'ಗಾದೆಗಳು ವೇದಗಳಿಗೆ ಸಮಾನ' ಎಂಬ ಒಂದೇ ಆರಂಭವನ್ನು ಅರವತ್ತು ಸಲ ಓದಿದವರಿಗೆ ನನ್ನ ಸಂಕಟ ಅರ್ಥವಾದೀತು.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಗೈಡಿಗೂ ದುಡ್ಡು ಕೊಡಬೇಕಾಗಿಲ್ಲ.

ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತ ಆನ್‌ಲೈನ್ ಪದವಿ ಓದುತ್ತಿರುವ ಹುಡುಗನೊಬ್ಬ ನನ್ನ ಬಳಿ ಬಂದಿದ್ದ. ತಂದೆ ನನ್ನ ಹಳೆಯ ವಿದ್ಯಾರ್ಥಿ. 'ನಾನು ಬಲ್ಲ ಒಂದು ಸ್ಥಳ' ಎಂಬ ವಿಷಯದ ಮೇಲೆ ಬರೆಯಬೇಕಿತ್ತು, ಶಿವಗಂಗೆಯನ್ನು ಆರಿಸಿಕೊಂಡಿದ್ದ. ಬರೆದದ್ದು ಯಂತ್ರ. ದಕ್ಷಿಣ ಕಾಶಿ, ಪ್ರಕೃತಿಯ ಮಡಿಲು, ಭಕ್ತಿ ಮತ್ತು ಸಾಹಸದ ಸಂಗಮ... ಕಾಗುಣಿತ ಒಂದೂ ತಪ್ಪಿರಲಿಲ್ಲ, ಬೆಟ್ಟ ಹತ್ತಿದ ಮನುಷ್ಯನೊಬ್ಬನೂ ಅದರಲ್ಲಿರಲಿಲ್ಲ. ಕೋರ್ಸಿನವರಿಂದ ಬಂದದ್ದು 'ಬಿ' ಎಂಬ ಒಂದು ಅಕ್ಷರ. ಏಕೆ 'ಬಿ', ಏನು ಮಾಡಿದರೆ 'ಎ', ಒಂದು ಮಾತಿಲ್ಲ. "ಓದುವವರೇ ಇಲ್ಲ ಅಂದ ಮೇಲೆ ಯಾಕ್ ಬರೀಬೇಕು ಸಾರ್? ಬಿಟ್ಬಿಡೋಣ ಅನ್ನಿಸ್ತಿದೆ" ಎಂದ. ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಾಗದ ಕೊಟ್ಟು, ನೀನು ಹತ್ತಿದ ದಿನದ್ದು ಮಾತ್ರ ಬರಿ ಎಂದೆ. ಮುಕ್ಕಾಲು ಗಂಟೆಗೆ ಹನ್ನೆರಡು ಸಾಲು, ಒಂಬತ್ತು ತಪ್ಪು. ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟಾಗ ನೀರು ಸಿಗದೆ ತಾನು ಅತ್ತದ್ದು, ನಿನ್ನ ಕೈ ಇನ್ನೂ ಗಿಡ್ಡ, ಪಾಪ ಪುಣ್ಯ ಏನಿಲ್ಲ ಎಂದು ಅಜ್ಜಿ ಸಮಾಧಾನ ಮಾಡಿದ್ದು. ಆ ಒಂಬತ್ತು ತಪ್ಪನ್ನೂ ಕೆಂಪು ಶಾಯಿಯಲ್ಲಿ ಗುರುತಿಸಿ ಕೊಟ್ಟೆ. ಅಜ್ಜಿಯ ಮಾತಿನ ಪಕ್ಕದಲ್ಲಿ 'ಇಲ್ಲಿಂದ ಆರಂಭಿಸು' ಎಂದು ಬರೆದೆ. ಮೂರು ಸಲ ಬರೆದ. ಮೂರನೆಯದನ್ನು ನಮ್ಮ ಮನೆಯವರೂ ಓದಿ, ಅಜ್ಜಿ ಯಾವ ಊರಿನವರು ಎಂದು ವಿಚಾರಿಸಿದರು.

ಪೋಷಕರೇ, ದುಡ್ಡು ಕಟ್ಟುವ ಮೊದಲು ಕೋರ್ಸಿನವರಿಗೆ ದೂರವಾಣಿ ಮಾಡಿ ಕೇಳಿ: ನಮ್ಮ ಮಗು ಬರೆದದ್ದನ್ನು ಯಾರು ಓದುತ್ತಾರೆ? ತಿದ್ದಿ ಎಷ್ಟು ದಿನಗಳಲ್ಲಿ ಕಳುಹಿಸುತ್ತಾರೆ? ಮತ್ತೆ ಬರೆದು ಒಪ್ಪಿಸಲು ಅವಕಾಶವಿದೆಯೇ? ಉತ್ತರದಲ್ಲಿ ವಿಡಿಯೋಗಳ ಸಂಖ್ಯೆಯನ್ನೂ ಪ್ರಮಾಣಪತ್ರದ ಅಂದವನ್ನೂ ವರ್ಣಿಸಿದರೆ ಫೋನ್ ಇಟ್ಟುಬಿಡಿ. ಅಲ್ಲಿ ಒಬ್ಬ ಅಧ್ಯಾಪಕನ ತಲೆಯ ಮೇಲೆ ಎಷ್ಟು ನೂರು ಮಕ್ಕಳಿದ್ದಾರೆಂದೂ ಕೇಳಿ. ಬಸ್ಸಿನಲ್ಲಿ ಕೂತು ನೋಟ್‌ಬುಕ್ ತಿದ್ದಿದ ನನಗೆ ಅಧ್ಯಾಪಕರ ಕಷ್ಟವೂ ಗೊತ್ತು.

ವಿದ್ಯಾರ್ಥಿಗಳಿಗೆ ಹೇಳುವುದು ಸ್ವಲ್ಪವೇ. ದಿನದಲ್ಲಿ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ರಾತ್ರಿ ಪಾಳಿಯವರಾದರೆ ನಿದ್ದೆಯಾದ ಮೇಲಿನ ಹೊತ್ತು, ನಿದ್ದೆಗೆ ಮುಂಚಿನದಲ್ಲ. ಮೊದಲ ಕರಡು ಕಾಗದದ ಮೇಲಿರಲಿ. ಬರೆದದ್ದನ್ನು ಗಟ್ಟಿಯಾಗಿ ಓದಿ. ಉಸಿರು ಸಿಕ್ಕಿಕೊಂಡ ಕಡೆ ವಾಕ್ಯ ಕೆಟ್ಟಿರುತ್ತದೆ. ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ಕೈಗೆಟಕುವಂತಿರಲಿ. ಟೈಪು ಮಾಡುವಾಗ ಯೂನಿಕೋಡನ್ನೇ ಬಳಸಿ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಮಾಡಿದ ಕಡತ ಆ ಅಕ್ಷರಗಳಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ, ರಾತ್ರಿಯೆಲ್ಲ ಕೂತು ಬರೆದದ್ದು ಶೂನ್ಯಕ್ಕೆ ಸಮ. ಅರ್ಥವಾಗದಿದ್ದರೆ ಅಧ್ಯಾಪಕರಿಗೆ ಬರೆದು ಕೇಳಿ. ತರಗತಿಯಲ್ಲಾದರೆ ನಿಮ್ಮ ಮುಖ ನೋಡಿಯೇ ನಮಗೆ ತಿಳಿಯುತ್ತಿತ್ತು. ಪರದೆಯ ಆಚೆ ಕೂತವರಿಗೆ ನೀವು ಹೇಳಿದರಷ್ಟೇ ತಿಳಿಯುವುದು.

ಮನೆಯಲ್ಲಿ ಓದಿ ಹೇಳುವವರಿಲ್ಲದಿದ್ದರೆ ನೆಲಮಂಗಲದ ಸುತ್ತಮುತ್ತಲಿನವರು ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ನಮ್ಮ ಮನೆಗೆ ಬರಬಹುದು. ಮೊಬೈಲಿನಲ್ಲಿ ತೋರಿಸಬೇಡಿ, ಕಾಗದದಲ್ಲಿ ತನ್ನಿ. ಸಾಲುಗಳ ನಡುವೆ ಜಾಗ ಬಿಟ್ಟಿರಿ.